ಪ್ರತಿಗ್ರಹ ವಿಚಾರ: ಹಾಡುವ ಪೆಟ್ಟಿಗೆಯ ನಿಮಿತ್ತವಾಗಿ

ದಾನದ ಮಹಿಮೆಯನ್ನು ಕುರಿತು ನಮ್ಮಲ್ಲಿ ಉಪನ್ಯಾಸಗಳಿಗೆ ಕೊರತೆಯಿಲ್ಲ. ಯಾವ ಮಾಸದಲ್ಲಿ ಯಾವ ದಾನ ಪ್ರಶಸ್ತ, ಯಾರಿಗೆ ಕೊಡಬೇಕು, ಯಾವ ಭಾವದಿಂದ ಕೊಡಬೇಕು ಎಂಬುದನ್ನು ಪಂಚಾಂಗವೂ ಹೇಳುತ್ತದೆ, ಪುರಾಣ ಪ್ರವಚನವೂ ಹೇಳುತ್ತದೆ. ಆದರೆ ಕೊಟ್ಟದ್ದನ್ನು ತೆಗೆದುಕೊಳ್ಳುವ ಬಗೆ ಹೇಗೆಂಬ ವಿಚಾರ ಅಷ್ಟಾಗಿ ನಡೆಯುವುದಿಲ್ಲ. ತೆಗೆದುಕೊಳ್ಳುವುದರಲ್ಲಿ ಕಲಿಯಬೇಕಾದದ್ದು ಏನಿದೆ, ಕೈಯೊಡ್ಡಿದರೆ ಸಾಲದೇ ಎಂದು ಮೇಲ್ನೋಟಕ್ಕೆ ತೋರುತ್ತದೆ. ಅದು ಅಷ್ಟು ಸುಲಭವಲ್ಲವೆಂಬುದು, ಬೇಡವೆನಿಸುವ ಕಾಣಿಕೆಯೊಂದು ಪ್ರೀತಿಪಾತ್ರರ ಕೈಯಿಂದಲೇ ಮನೆಗೆ ಬಂದಾಗ ಅರಿವಾಗುತ್ತದೆ. ಈ ಪ್ರಶ್ನೆಯನ್ನು ನಮ್ಮ ಕಣ್ಣೆದುರಿನ ಒಂದು ಚಿಕ್ಕ ವಸ್ತುವನ್ನು ಮುಂದಿಟ್ಟುಕೊಂಡು ವಿಮರ್ಶಿಸಲು ಇಲ್ಲಿ ಪ್ರಯತ್ನಿಸಿದ್ದೇವೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನಮ್ಮ ಮನೆಗಳಲ್ಲಿ ಇಂದು ಬಹುಮಟ್ಟಿಗೆ ಹಿರಿಯರೇ ಉಳಿದಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಇಲ್ಲವೇ ಇನ್ನೂ ದೂರದಲ್ಲಿದ್ದಾರೆ. ಹಬ್ಬಕ್ಕೆ ಬರುವಾಗ ಬರಿಗೈಯಲ್ಲಿ ಬರಬಾರದೆಂದು ಏನಾದರೊಂದನ್ನು ತರುತ್ತಾರೆ. ಒಂದು ಕಾಲಕ್ಕೆ ಅದು ಸೀರೆ, ಪಂಚೆ, ಹಣ್ಣು ಆಗಿತ್ತು. ಈಚಿನ ವರ್ಷಗಳಲ್ಲಿ ಅದರೊಡನೆ ಹಾಡುವ ಪೆಟ್ಟಿಗೆಯೂ ಸೇರಿಕೊಂಡಿದೆ. ನಾಯಿಯ ಚಿತ್ರದ ಎಚ್.ಎಂ.ವಿ. ಮುದ್ರೆಯಿಂದ ನಮ್ಮ ಹಿರಿಯರಿಗೆ ಪರಿಚಿತವಾಗಿದ್ದ ಗ್ರಾಮಫೋನ್ ಕಂಪನಿಯೇ ಈಗ ಸರೆಗಮ ಎಂಬ ಹೆಸರಿನಲ್ಲಿದೆ. ಅದು 2017ರಲ್ಲಿ ಕಾರವಾನ್ ಎಂಬ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ನೋಡಲು ಹಳೆಯ ರೇಡಿಯೋದಂತಿದ್ದ ಅದರೊಳಗೆ 5000 ಹಿಂದೀ ಹಾಡುಗಳನ್ನು ಮೊದಲೇ ತುಂಬಿಟ್ಟಿದ್ದರು. ಅಂತರ್ಜಾಲವೂ ಬೇಡ, ಕಣ್ಣಿಗೆ ಕಾಣದ ಸಣ್ಣ ಅಕ್ಷರಗಳನ್ನು ಓದುವುದೂ ಬೇಡ. ಗುಂಡಿ ಒತ್ತಿದರೆ ಹಾಡು. ಮಕ್ಕಳು ತಂದೆತಾಯಿಗಳಿಗೆ ಕೊಡಬೇಕಾದ ಉಡುಗೊರೆಯೆಂದೇ ಅದರ ಪ್ರಚಾರ ನಡೆಯಿತು. ಅನಂತರ ಇತರ ಭಾಷೆಗಳ ಪೆಟ್ಟಿಗೆಗಳು, ಭಕ್ತಿಗೀತೆಗಳ ಚಿಕ್ಕ ಪೆಟ್ಟಿಗೆಗಳು ಬಂದವು. ಕ್ಷೇತ್ರಗಳ ಅಂಗಡಿ ಬೀದಿಗಳಲ್ಲಿ ದೊರೆಯುವ, ಒಂದೇ ಮಂತ್ರವನ್ನು ಹಗಲಿರುಳು ನುಡಿಯುವ ಅಂಗೈಯಗಲದ ಪೆಟ್ಟಿಗೆಗಳನ್ನಂತೂ ಕಾಣದವರಿಲ್ಲ.

ಈ ಪೆಟ್ಟಿಗೆಗಳ ಒಳಗುಟ್ಟು ಸ್ವಾರಸ್ಯಕರವಾದುದು. ಧ್ವನಿಯನ್ನು ಅಂಕಿಗಳನ್ನಾಗಿ ಮಾರ್ಪಡಿಸಿ, ಬಳಿಕ ಆ ಅಂಕಿಗಳ ರಾಶಿಯನ್ನು ಕುಗ್ಗಿಸುವ ಎಂಪಿ3 ಎಂಬ ವಿಧಾನ 1993ರಲ್ಲಿ ಅಂತರರಾಷ್ಟ್ರೀಯ ಮಾನಕದಲ್ಲಿ ಸೇರಿತು. ಇದರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳ ಪಾಲು ದೊಡ್ಡದು. ಮಹಾಮಂಗಳಾರತಿಯ ಹೊತ್ತಿನಲ್ಲಿ ಜಾಗಟೆ ಬಾರಿಸುತ್ತಿರುವಾಗ, ಪಕ್ಕದಲ್ಲಿ ನಿಂತವರು ಮೆಲ್ಲನೆ ಹೇಳಿಕೊಳ್ಳುವ ಸ್ತೋತ್ರ ನಮಗೆ ಕೇಳುವುದಿಲ್ಲವಷ್ಟೆ. ದೊಡ್ಡ ಧ್ವನಿ ಸಣ್ಣ ಧ್ವನಿಯನ್ನು ಮರೆಮಾಡುತ್ತದೆ. ಹೇಗಿದ್ದರೂ ಕೇಳದ ಸಣ್ಣ ಧ್ವನಿಗಳನ್ನು ಕೈಬಿಟ್ಟರೆ ನಷ್ಟವೇನು ಎಂಬ ಯುಕ್ತಿಯೇ ಈ ವಿಧಾನದ ತಿರುಳು. ಹೀಗೆ ಕುಗ್ಗಿಸಿದಾಗ ಧ್ವನಿಮುದ್ರಿಕೆಯೊಂದು ಅಡಕತಟ್ಟೆಯಲ್ಲಿ ಹಿಡಿಯುವ ಸ್ಥಳದ ಸುಮಾರು ಹನ್ನೊಂದನೆಯ ಒಂದು ಪಾಲಿನಲ್ಲಿ ಹಿಡಿಯುತ್ತದೆ. 1998ರಲ್ಲಿ ದಕ್ಷಿಣ ಕೊರಿಯದಿಂದ ಇಂಥ ಕೈಪೆಟ್ಟಿಗೆ ಹೊರಬಂತು. 2001ರಲ್ಲಿ ಅಮೆರಿಕದ ಆಪಲ್ ಸಂಸ್ಥೆಯ ಐಪಾಡ್ ಬಂದು ಲೋಕಪ್ರಸಿದ್ಧವಾಯಿತು. ದೂರವಾಣಿಯೇ ಹಾಡುವ ಪೆಟ್ಟಿಗೆಯೂ ಆದ ಮೇಲೆ, 2022ರಲ್ಲಿ ಆ ಸಂಸ್ಥೆ ಐಪಾಡಿಗೆ ಮಂಗಳ ಹಾಡಿತು. ಯುವಕರು ಬಿಟ್ಟ ಈ ಬಗೆಯ ಪೆಟ್ಟಿಗೆ ನಮ್ಮಲ್ಲಿ ಹಿರಿಯರ ಕಪಾಟಿನ ಮೇಲೆ ನೆಲೆ ಕಂಡುಕೊಂಡಿದೆ.

ಈಗ ಪ್ರಕೃತ ವಿಚಾರಕ್ಕೆ ಬರೋಣ. ಕನಕಪುರದಲ್ಲಿರುವ ನಮ್ಮ ಸೋದರತ್ತೆಯವರಿಗೆ ವಯಸ್ಸು ಎಪ್ಪತ್ತು ದಾಟಿದೆ. ತವರು ಮಾಗಡಿಯ ಕಡೆ. ಅವರ ಮಗ ಬೆಂಗಳೂರಿನಲ್ಲಿ ಉದ್ಯೋಗಸ್ಥ. ಎರಡು ವರ್ಷಗಳ ಹಿಂದೆ ದೀಪಾವಳಿಗೆ ಬಂದಾಗ ಭಕ್ತಿಗೀತೆಗಳ ಪೆಟ್ಟಿಗೆಯೊಂದನ್ನು ತಂದು ತಾಯಿಯ ಮುಂದಿಟ್ಟು ನಮಸ್ಕರಿಸಿದರು. ಅತ್ತೆಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದೇಕೆ ತಂದೆಯೋ? ನನಗೇನು ಬಾಯಿ ಬಿದ್ದುಹೋಗಿದೆಯೇ?” ಎಂದರು. ಮಗನ ಮುಖ ಚಿಕ್ಕದಾದುದನ್ನು ಕಂಡು ಮರುಕ್ಷಣವೇ, “ಆಗಲಿ, ಇಡು” ಎಂದರು. ಪೆಟ್ಟಿಗೆ ಕಪಾಟಿನ ಮೇಲೇರಿತು. ಧೂಳು ಕೂರದಂತೆ ಅದಕ್ಕೊಂದು ವಸ್ತ್ರದ ಹೊದಿಕೆಯೂ ದೊರೆಯಿತು. ತೆಗೆದುಕೊಂಡದ್ದೂ ಆಯಿತು, ತೆಗೆದುಕೊಳ್ಳದೆ ಇದ್ದದ್ದೂ ಆಯಿತು. ವಾಚಕರಲ್ಲಿ ಅನೇಕರ ಮನೆಗಳಲ್ಲಿ ಇಂಥ ವಸ್ತ್ರದ ಹೊದಿಕೆ ಇದ್ದೀತು.

ಅತ್ತೆಯವರ ಹಿಂಜರಿಕೆ ಬರಿಯ ಮೊಂಡುತನವೇ? ಹಾಗೆನ್ನಲು ಶಾಸ್ತ್ರ ಬಿಡುವುದಿಲ್ಲ. ಪ್ರತಿಗ್ರಹ, ಅಂದರೆ ದಾನವನ್ನು ಸ್ವೀಕರಿಸುವುದು, ವೈದಿಕನ ಜೀವನೋಪಾಯಗಳಲ್ಲಿ ಒಂದೆಂದು ಸ್ಮೃತಿಗಳು ಒಪ್ಪಿದರೂ ಅದನ್ನು ಭಯದಿಂದಲೇ ನೋಡಿವೆ. ಮಹಾಭಾರತದ ಅನುಶಾಸನ ಪರ್ವದಲ್ಲಿ ಒಂದು ಕಥೆಯುಂಟು. ಘೋರವಾದ ಕ್ಷಾಮದಲ್ಲಿ ಸಪ್ತರ್ಷಿಗಳು ಹಸಿದು ಅಲೆಯುತ್ತಿದ್ದರು. ವೃಷಾದರ್ಭಿಯೆಂಬ ರಾಜನು ಅವರಿಗೆ ಬೇಕಾದದ್ದನ್ನೆಲ್ಲ ಕೊಡುವೆನೆಂದನು. ಋಷಿಗಳು ಒಲ್ಲೆವೆಂದರು. ಆಗ ರಾಜನು ಅತ್ತಿಯ ಹಣ್ಣುಗಳೊಳಗೆ ಚಿನ್ನವನ್ನು ತುಂಬಿಸಿ, ಅವರು ಹೋಗುವ ದಾರಿಯಲ್ಲಿ ದೊರೆಯುವಂತೆ ಮಾಡಿದನು. ಅತ್ರಿಮಹರ್ಷಿಗಳು ಹಣ್ಣನ್ನು ಎತ್ತಿ ನೋಡಿದರು. ಹಣ್ಣಿಗೆ ಇರಬೇಕಾದುದಕ್ಕಿಂತ ಹೆಚ್ಚು ಭಾರವಿತ್ತು. ಒಳಗೆ ಬೇರೇನೋ ಇದೆಯೆಂದು ತಿಳಿದು, ಹೊಟ್ಟೆ ಹಸಿದಿದ್ದರೂ ಅದನ್ನು ಅಲ್ಲಿಯೇ ಬಿಟ್ಟು ನಡೆದರು. ಕಾಣಿಕೆ ಕಣ್ಣಿಗೆ ಕಾಣುವುದಕ್ಕಿಂತ ಕೈಗೆ ಭಾರವಾಗಿದ್ದರೆ ಎಚ್ಚರವಾಗಿರಬೇಕೆಂಬುದು ಇದರ ಇಂಗಿತ.

ಫ್ರಾನ್ಸ್ ದೇಶದ ಮಾರ್ಸೆಲ್ ಮಾಸ್ ಎಂಬ ವಿದ್ವಾಂಸರು 1925ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ನಾನಾ ದೇಶಗಳ ಉಡುಗೊರೆಯ ಪದ್ಧತಿಗಳನ್ನು ಪರಿಶೀಲಿಸಿ, ಕೊಡಬೇಕಾದ ಹಂಗು, ಸ್ವೀಕರಿಸಬೇಕಾದ ಹಂಗು, ಹಿಂದಿರುಗಿಸಬೇಕಾದ ಹಂಗು ಎಂದು ಮೂರನ್ನು ಕಂಡರು. ನಮ್ಮ ಅನುಶಾಸನ ಪರ್ವವೂ ಅವರ ಅವಲೋಕನಕ್ಕೆ ಬಂದಿತ್ತೆಂಬುದು ಗಮನಾರ್ಹ. ಉಡುಗೊರೆಯು ಹಗುರವಾದ ವಸ್ತುವಲ್ಲವೆಂದು ನಮ್ಮ ಹಿರಿಯರು ಬಲ್ಲವರಾಗಿದ್ದರು. ತೈತ್ತಿರೀಯೋಪನಿಷತ್ತಿನ ಗುರುವು ವಿದ್ಯೆ ಮುಗಿಸಿದ ಶಿಷ್ಯನಿಗೆ ದಾನದ ಪಾಠ ಹೇಳುವಾಗ ಶ್ರದ್ಧೆಯನ್ನು ಮಾತ್ರವಲ್ಲ, ಲಜ್ಜೆಯನ್ನೂ ಭಯವನ್ನೂ ಕೊಡುವವನಿಗೆ ವಿಧಿಸುತ್ತಾನೆ. ಕೊಡುವವನಿಗೇಕೆ ಭಯ? ತನ್ನ ಕೊಡುಗೆಯಿಂದ ಮತ್ತೊಬ್ಬರ ಹೆಗಲ ಮೇಲೆ ಏನನ್ನು ಹೊರಿಸುತ್ತಿದ್ದೇನೆಂಬ ಎಚ್ಚರ ಅವನಿಗಿರಲಿ ಎಂದೇ ಇದ್ದೀತೆಂದು ನಮಗೆ ತೋರುತ್ತದೆ.

ಹಾಗಾದರೆ ಈ ಪೆಟ್ಟಿಗೆ ಚಿನ್ನ ತುಂಬಿದ ಅತ್ತಿಯ ಹಣ್ಣೇ? ಅದರೊಳಗಿನ ಭಾರ ಯಾವುದು? ಒಂದು ಸಂಜೆ ಅತ್ತೆಯವರೇ ಅದನ್ನು ಬಿಡಿಸಿ ಹೇಳಿದರು: “ಹೊತ್ತು ಹೋಗಲಿ ಅಂತ ಕೊಟ್ಟಿದ್ದಾನೆ. ಹೊತ್ತು ಹೋಗದೆ ಇರುವುದು ನನ್ನ ಕಷ್ಟವಲ್ಲ. ಇದು ಇದೆಯಲ್ಲ ಅಂತ ಅವನು ಬರುವುದು ತಡವಾದರೆ?” ಭಾರವಿರುವುದು ಇಲ್ಲಿ. ಮಗನ ಮನಸ್ಸಿನಲ್ಲಿ ಅಂಥ ಲೆಕ್ಕಾಚಾರವಿರಲಿಲ್ಲ. ತಾಯಿಯ ಒಂಟಿತನ ಕಂಡು ಮರುಗಿಯೇ ತಂದದ್ದು. ಆದರೆ ವಸ್ತುವು ಕೊಟ್ಟವರ ಬದಲಿಗೆ ಕುಳಿತುಬಿಡುವ ಸಂಭವ ಎಲ್ಲ ಕಾಣಿಕೆಗಳಲ್ಲಿಯೂ ಇದೆ. ಮನುಷ್ಯರ ಧ್ವನಿಯಲ್ಲೇ ಹಾಡುವ ವಸ್ತುವಿನಲ್ಲಿ ಅದು ಇನ್ನೂ ಹೆಚ್ಚು. ಸೀರೆಯನ್ನು ಯಾರೂ ಮಗನೆಂದು ಭ್ರಮಿಸುವುದಿಲ್ಲ. ಮನೆ ತುಂಬ ಧ್ವನಿಯಿದ್ದರೆ ಮನೆ ತುಂಬ ಜನರಿದ್ದಾರೆಂಬ ಭ್ರಮೆ ಎಲ್ಲರಿಗೂ ಬರುತ್ತದೆ, ದೂರದಲ್ಲಿರುವ ಮಗನಿಗೂ ಬರುತ್ತದೆ.

ಮತ್ತೊಂದು ಭಾರವೂ ಇದೆ. ಅತ್ತೆಯವರು ಶುಕ್ರವಾರಗಳಂದು ಶ್ರೀವಾದಿರಾಜರ ಲಕ್ಷ್ಮೀ ಶೋಭಾನೆಯನ್ನು ಹೇಳುವುದು ತಮ್ಮ ತಾಯಿಯಿಂದ ಬಂದ ಧಾಟಿಯಲ್ಲಿ. ನಮ್ಮ ಮನೆಗಳ ಹೆಂಗಸರು ಹಾಡುಗಳನ್ನು ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡು ಬಂದಿದ್ದಾರೆ. ಪುಸ್ತಕದಲ್ಲಿ ಸಾಹಿತ್ಯ ಮಾತ್ರ ಇರುತ್ತದೆ. ಧಾಟಿ ಇರುವುದು ಕಂಠದಲ್ಲಿ. ಮಾಗಡಿಯ ಧಾಟಿ ಬೇರೆ, ಚನ್ನಪಟ್ಟಣದ ಧಾಟಿ ಬೇರೆ. ಒಂದೇ ಬೀದಿಯ ಎರಡು ಮನೆಗಳಲ್ಲಿ ಬೇರೆ ಬೇರೆ ಇರುವುದೂ ಉಂಟು. ಪೆಟ್ಟಿಗೆಯಲ್ಲಿ ನೂರಾರು ಹಾಡುಗಳಿದ್ದರೂ ಪ್ರತಿಯೊಂದಕ್ಕೂ ಇರುವುದು ಒಂದೇ ಧಾಟಿ, ಅದೂ ವಾದ್ಯಗಳ ಸಹಿತವಾದ, ತಿದ್ದಿ ತೀಡಿದ ಧಾಟಿ. ಅದನ್ನು ಕೇಳುತ್ತಾ ಬೆಳೆದ ಮಕ್ಕಳಿಗೆ ಅಜ್ಜಿ ಹಾಡುವುದು ತಪ್ಪೆಂದು ತೋರಬಹುದು. ಅಜ್ಜಿಗೂ ತನ್ನ ಕಂಠದ ಮೇಲೆ ಸಂಕೋಚ ಹುಟ್ಟಬಹುದು. ದೊಡ್ಡ ಧ್ವನಿ ಸಣ್ಣ ಧ್ವನಿಯನ್ನು ಮರೆಮಾಡುವುದು ಯಂತ್ರದ ಒಳಗೆ ಮಾತ್ರವಲ್ಲ, ಮನೆಯ ಪಡಸಾಲೆಯಲ್ಲಿಯೂ ನಡೆಯುತ್ತದೆ.

ಇಷ್ಟಾದ ಮೇಲೆ, ತಿರಸ್ಕರಿಸುವುದೇ ಸರಿಯೆನ್ನೋಣವೇ? ಅಲ್ಲವೆಂದು ನಮ್ಮ ಅಭಿಪ್ರಾಯ. ಋಷಿಗಳಿಗೆ ಹಣ್ಣು ಕಳುಹಿಸಿದವನು ಮುಚ್ಚಿ ಕಳುಹಿಸಿದನು. ಮಗನು ಮುಚ್ಚಿ ಕೊಟ್ಟದ್ದು ಏನೂ ಇಲ್ಲ. ಅಲ್ಲದೆ “ನನಗೇನೂ ಬೇಡ” ಎಂಬ ಮಾತು ಯಾವಾಗಲೂ ವೈರಾಗ್ಯದ್ದಲ್ಲ. ಯಾರ ಹಂಗಿಗೂ ಬೀಳಬಾರದೆಂಬ ಬಿಗುಮಾನವೂ ಅದೇ ಮಾತಿನಲ್ಲಿ ಅಡಗಿರುತ್ತದೆ. ಸ್ವತಂತ್ರನಾದವನು ಒಬ್ಬನೇ, ಉಳಿದವರೆಲ್ಲರೂ ಪರತಂತ್ರರೆಂಬುದು ನಮ್ಮ ಮನೆಗಳ ಮಕ್ಕಳಿಗೂ ತಿಳಿದ ಪಾಠ. ಉಸಿರಿನಿಂದ ಮೊದಲ್ಗೊಂಡು ಎಲ್ಲವನ್ನೂ ಪಡೆದುಕೊಂಡೇ ಬದುಕುವ ನಾವು, ಮಗನ ಕೈಯಿಂದ ಒಂದು ಪೆಟ್ಟಿಗೆಯನ್ನು ಪಡೆಯಲಾರೆವೆಂದು ಸ್ವಾತಂತ್ರ್ಯವನ್ನು ನಟಿಸುವುದು ಹೇಗೆ? ಚನ್ನಪಟ್ಟಣದ ಬಣ್ಣದ ಬೊಂಬೆಯನ್ನು ಕೊಟ್ಟರೆ ಮಗುವು ಎರಡೂ ಕೈಗಳಿಂದ ಬಾಚಿಕೊಳ್ಳುತ್ತದೆ. ವಯಸ್ಸಾದಂತೆ ನಾವು ಆ ಕೈಗಳನ್ನು ಮಡಿಸಿಕೊಳ್ಳುತ್ತಾ ಹೋಗುತ್ತೇವೆ. ಚನ್ನಪಟ್ಟಣಕ್ಕೆ ಅನತಿದೂರದ ದೊಡ್ಡಮಳೂರಿನಲ್ಲಿ ಅಂಬೆಗಾಲು ನವನೀತಕೃಷ್ಣನಿಗೆ ಸಂತಾನಾರ್ಥಿಗಳು ತೊಟ್ಟಿಲುಗಳನ್ನು ಅರ್ಪಿಸುತ್ತಾರೆ. ಅವನಿಗೆ ಅಷ್ಟು ತೊಟ್ಟಿಲುಗಳಿಂದ ಏನಾಗಬೇಕಾಗಿದೆ? ಆದರೂ ಯಾವ ತೊಟ್ಟಿಲೂ ಬೇಡವೆನಿಸಿಕೊಂಡು ಹಿಂದಿರುಗುವುದಿಲ್ಲ. ಅವನು ಕೈಗೊಳ್ಳುವುದು ತಂದವರ ಮನಸ್ಸನ್ನು.

ಸ್ವೀಕರಿಸುವ ಬಗೆಗೆ ಭಾಗವತದ ದಶಮಸ್ಕಂಧದ ಕುಚೇಲೋಪಾಖ್ಯಾನಕ್ಕಿಂತ ದೊಡ್ಡ ಪಾಠ ಬೇರೊಂದಿಲ್ಲ. ನಾವು ಅದನ್ನು ಕುಚೇಲನ ಭಾಗ್ಯದ ಕಥೆಯೆಂದೇ ಹೇಳುತ್ತಾ ಬಂದಿದ್ದೇವೆ. ಶ್ರೀಕೃಷ್ಣನ ಪ್ರತಿಗ್ರಹದ ಕಥೆಯೆಂದು ಓದಿದರೆ ಬೇರೊಂದು ಬೆಳಕು ಕಾಣುತ್ತದೆ. ದ್ವಾರಕೆಯ ವೈಭವವನ್ನು ಕಂಡು ಕುಚೇಲನು ನಾಚಿ, ತಾನು ತಂದ ಅವಲಕ್ಕಿಯ ಗಂಟನ್ನು ಮರೆಮಾಡಿದನು. ಕೊಡಲು ಹಿಂಜರಿದವನು ಅವನು. ಸ್ವೀಕರಿಸುವವನೇ ಬಾಯಿಬಿಟ್ಟು, ನನಗೇನು ತಂದೆಯೆಂದು ಕೇಳಿದನು. ಗಂಟನ್ನು ತಾನೇ ಸೆಳೆದುಕೊಂಡು ಬಿಚ್ಚಿದನು. ಹೀಗೆ, ಸ್ವೀಕಾರವೆಂದರೆ ಸುಮ್ಮನೆ ಕೈಯೊಡ್ಡುವುದಷ್ಟೇ ಅಲ್ಲ. ಕೇಳಿ ಪಡೆಯುವುದೂ ಅದರ ಅಂಗ. ಕೊಡುವವನು ಮರೆಮಾಡಿದ ಗಂಟು ಯಾವುದೆಂದು ಕಂಡುಕೊಂಡು ಅದನ್ನೇ ಕೇಳಬೇಕು. ಮಗನು ಪೆಟ್ಟಿಗೆಯನ್ನು ಮುಂದೆ ಇಟ್ಟು, ತನ್ನ ಬರವನ್ನು, ತನ್ನ ಒಂದು ಗಂಟೆಯ ಕಾಲವನ್ನು ಹಿಂದೆ ಇಟ್ಟುಕೊಂಡಿದ್ದಾನೆಂದರೆ, ಪೆಟ್ಟಿಗೆಯನ್ನು ತೆಗೆದುಕೊಂಡು, ಹಿಂದಿರುವ ಗಂಟನ್ನೂ ಕೊಡು ಎನ್ನುವ ಅಧಿಕಾರ ತಾಯಿಗೆ ಇದೆ. ನಮ್ಮ ಹಿರಿಯರು ಸಂಕೋಚದಿಂದ ಮಾಡದೆ ಬಿಡುವುದು ಇದನ್ನೇ. “ಬೇಡ” ಎನ್ನುತ್ತಾರೆ, ಇಲ್ಲವೇ “ಇಡು” ಎನ್ನುತ್ತಾರೆ. “ಇದರೊಡನೆ ನೀನೂ ಬಾ” ಎನ್ನುವುದಿಲ್ಲ.

ಯಂತ್ರಕ್ಕೂ ನ್ಯಾಯ ಸಲ್ಲಬೇಕು. 2020ರಲ್ಲಿ ಮಹಾಮಾರಿಯ ನಿಮಿತ್ತ ದೇವಾಲಯಗಳು ಬಾಗಿಲು ಮುಚ್ಚಿದ್ದಾಗ, ಹೊಸ್ತಿಲು ದಾಟಲಾಗದ ಹಿರಿಯರ ಕಿವಿಗೆ ಸುಪ್ರಭಾತ ಸಹಸ್ರನಾಮಗಳು ಬಿದ್ದದ್ದು ಇಂಥ ಯಂತ್ರಗಳಿಂದಲೇ. ಕಣ್ಣಿನ ಪೊರೆಯಿಂದ ಪುಸ್ತಕ ಓದಲಾರದವರಿಗೆ ಅದು ಓದಿ ಹೇಳುವ ಮೊಮ್ಮಗನಂತೆ. ಶ್ರೀಮತಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ಕಂಠದ ವೆಂಕಟೇಶ ಸುಪ್ರಭಾತ 1963ರಲ್ಲಿ ಧ್ವನಿಮುದ್ರಿಕೆಯಾಗಿ ಬಂತು. ಅದರ ಗೌರವಧನವನ್ನು ಆಕೆ ತಿರುಪತಿ ದೇವಸ್ಥಾನದ ವೇದಪಾಠಶಾಲೆಗೆ ಬಿಟ್ಟುಕೊಟ್ಟರು. ಯಂತ್ರದಲ್ಲಿ ಅಡಗಿದ ಧ್ವನಿಯೊಂದು ಜೀವಂತ ವಿದ್ಯಾರ್ಥಿಗಳ ಅಧ್ಯಯನಕ್ಕೆ ಒದಗಿದ್ದಕ್ಕೆ ಇದಕ್ಕಿಂತ ಉತ್ತಮ ದೃಷ್ಟಾಂತ ಬೇಕೇ?

ಯಂತ್ರಗಳಲ್ಲಿ ಎರಡು ಬಗೆಯನ್ನು ನಾವು ಕಾಣುತ್ತೇವೆ. ಬೆಂಗಳೂರಿನ ಜಿ. ರಾಜನಾರಾಯಣ ಎಂಬ ಎಂಜಿನಿಯರರು, ಸ್ವತಃ ಕೊಳಲುವಾದಕರು, 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ತಂಬೂರಿ ಮೀಟುವವರಿಲ್ಲದ ಮನೆಯಲ್ಲಿಯೂ ಇಂದು ಹುಡುಗಿಯೊಬ್ಬಳು ಒಂಟಿಯಾಗಿ ಕುಳಿತು ಅಭ್ಯಾಸ ಮಾಡಬಲ್ಲಳು. ಆ ಪೆಟ್ಟಿಗೆ ತಾನು ಹಾಡುವುದಿಲ್ಲ. ನೀನು ಹಾಡು ಎನ್ನುತ್ತದೆ. ಇನ್ನೊಂದು ಕಡೆ, ಅನೇಕ ದೇವಾಲಯಗಳಲ್ಲಿ ಗುಂಡಿ ಒತ್ತಿದರೆ ನಗಾರಿ, ಜಾಗಟೆ, ಗಂಟೆಗಳನ್ನು ಒಟ್ಟಿಗೇ ಬಾರಿಸುವ ವಿದ್ಯುತ್ ಯಂತ್ರ ಬಂದಿದೆ. ಹಿಂದೆ ಮಂಗಳಾರತಿಯ ಹೊತ್ತಿಗೆ, ಜಾಗಟೆ ನನಗೆ ತನಗೆಂದು ಓಡಿಬರುತ್ತಿದ್ದ ಬಾಲಕರು ಈಗ ಕೈಕಟ್ಟಿ ನಿಲ್ಲುತ್ತಾರೆ. ಒಂದು ಯಂತ್ರ ಕೆಲಸ ಕೊಡುತ್ತದೆ, ಮತ್ತೊಂದು ಕೆಲಸ ಕಸಿದುಕೊಳ್ಳುತ್ತದೆ. ಹಾಡುವ ಪೆಟ್ಟಿಗೆ ಇವೆರಡರ ನಡುವಣದು. ಅದು ಶ್ರುತಿಪೆಟ್ಟಿಗೆಯಂತೆ ಆಗುವುದೋ ನಗಾರಿಯ ಯಂತ್ರದಂತೆ ಆಗುವುದೋ ಎಂಬುದು ಸ್ವೀಕರಿಸಿದವರ ಮೇಲೆ ನಿಂತಿದೆ. ಅದು ಹಾಡುವಾಗ ಮನೆಯವರ ಬಾಯಿ ತೆರೆಯುತ್ತದೆಯೋ ಮುಚ್ಚಿಕೊಳ್ಳುತ್ತದೆಯೋ ಎಂಬುದೇ ಅಳತೆಗೋಲು.

ನಮ್ಮ ಅತ್ತೆಯವರ ಮನೆಯಲ್ಲಿ ಇದಕ್ಕೆ ದಾರಿಯೊಂದು ತಾನಾಗಿ ತೆರೆಯಿತು. ಬೇಸಿಗೆಯ ರಜೆಗೆ ಬಂದ ಮೊಮ್ಮಗಳು ವಸ್ತ್ರವನ್ನು ತೆಗೆದು ಪೆಟ್ಟಿಗೆಯನ್ನು ಹಾಡಿಸಿದಳು. ಅಡಿಗೆಮನೆಯಿಂದಲೇ ಅತ್ತೆಯವರು ಅದನ್ನು ತಿದ್ದತೊಡಗಿದರು: “ಅಲ್ಲಿ ಅಷ್ಟು ಎಳೆಯಬಾರದು. ನಮ್ಮಮ್ಮ ಹೀಗೆ ಹೇಳುತ್ತಿದ್ದರು.” ಹುಡುಗಿ ದೂರವಾಣಿಯಲ್ಲಿ ಅಜ್ಜಿಯ ಧಾಟಿಯನ್ನು ಮುದ್ರಿಸಿಕೊಂಡಳು, ಅದನ್ನು ಪೆನ್‌ಡ್ರೈವ್ ಎಂಬ ಬೆರಳುದ್ದದ ಸಾಧನಕ್ಕೆ ತುಂಬಿ ಪೆಟ್ಟಿಗೆಗೆ ಚುಚ್ಚಿದಳು. ಈ ಪೆಟ್ಟಿಗೆಗಳಲ್ಲಿ ಹಲವಕ್ಕೆ ಅಂಥ ಅನುಕೂಲವಿರುತ್ತದೆ. ನೂರಾರು ಪ್ರಸಿದ್ಧ ಕಂಠಗಳ ನಡುವೆ ಮಾಗಡಿಯ ಕಡೆಯ ಆ ಕಂಠವೂ ಸೇರಿತು. ಅದರ ಪ್ರತಿಯೊಂದು ಬೆಂಗಳೂರಿಗೂ ಹೋಯಿತು. ಅತ್ತೆಯವರು ಅದನ್ನು ಕೇಳಿ, “ನನ್ನ ಧ್ವನಿ ಇಷ್ಟು ನಡುಗುತ್ತದೆಯೇ?” ಎಂದರೇ ಹೊರತು ಹೆಚ್ಚೇನೂ ಹೇಳಲಿಲ್ಲ. ಪೆಟ್ಟಿಗೆಯ ಮೇಲೆ ಅವರಿಗೆ ಇಂದಿಗೂ ಪೂರ್ಣವಾದ ಒಲವಿಲ್ಲ. ಆದರೆ ವಸ್ತ್ರದ ಹೊದಿಕೆ ಈಗ ಇಲ್ಲ. ಮಗನಿಗೆ, ಬಂದು ಉಳಿದ ಹಾಡುಗಳನ್ನೂ ಬರೆದುಕೊಂಡು ಹೋಗು ಎಂದು ನೇರವಾಗಿ ಹೇಳಿದ್ದಾರೆ.

ಕೊಡುವವರಿಗೂ ಒಂದು ಮಾತು. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಸಾತ್ತ್ವಿಕ ದಾನಕ್ಕೆ ದೇಶ, ಕಾಲ, ಪಾತ್ರಗಳ ವಿವೇಚನೆ ವಿಹಿತವಾಗಿದೆ. ಹಿರಿಯರಿಗೆ ಹಾಡುವ ಪೆಟ್ಟಿಗೆ ಕೊಡುವವರು ಇದನ್ನು ಪಾಲಿಸಬಹುದು. ಪೆಟ್ಟಿಗೆಯನ್ನು ಇಟ್ಟು ಅವಸರದಿಂದ ಬಸ್ಸು ಹತ್ತದೆ, ಒಂದು ಸಂಜೆಯಾದರೂ ಜೊತೆಗೆ ಕುಳಿತು ಕೇಳಿರಿ. ತಾಯಿಗೆ ಯಾವ ಹಾಡು ಬರುತ್ತದೆ, ಯಾವ ಧಾಟಿ ಬರುತ್ತದೆ ಎಂದು ವಿಚಾರಿಸಿರಿ. ಪೆಟ್ಟಿಗೆಯಲ್ಲಿ ಇಲ್ಲದ ಹಾಡನ್ನು ಅವರಿಂದ ಕೇಳಿ ಪಡೆಯಿರಿ. ಹಾಗೆ ಕೇಳಿದಾಗ ಕೊಟ್ಟವರು ಪಡೆದವರಾಗುತ್ತಾರೆ, ಪಡೆದವರು ಕೊಟ್ಟವರಾಗುತ್ತಾರೆ. ಯಾರ ಹೆಗಲಿಗೂ ಭಾರ ಉಳಿಯುವುದಿಲ್ಲ.

ಪಡೆಯುವ ಹಿರಿಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಬಂದ ಕಾಣಿಕೆಯನ್ನು ಎರಡೂ ಕೈಗಳಿಂದ ಸ್ವೀಕರಿಸಿರಿ. ಮನಸ್ಸು ಒಪ್ಪದಿದ್ದರೆ ಮುಖ ತಿರುಗಿಸದೆ, ಒಪ್ಪದಿರುವುದಕ್ಕೆ ಕಾರಣವನ್ನು ತಿಳಿಯಹೇಳಿರಿ. ನಿಮಗೆ ಬೇಕಾದುದು ವಸ್ತುವಲ್ಲ, ಮನುಷ್ಯರು ಎಂದಾದರೆ ಅದನ್ನು ಕೇಳಲು ನಾಚಬೇಡಿರಿ. ದ್ವಾರಕಾಧೀಶನೇ ಒಂದು ಹಿಡಿ ಅವಲಕ್ಕಿಯನ್ನು ಕೇಳಿ ಪಡೆದನು. ಶುಕ್ರವಾರದ ಸಂಜೆ ಪೆಟ್ಟಿಗೆ ಹಾಡಿದರೆ ಹಾಡಲಿ. ಅದು ನಿಂತ ಮೇಲಾದರೂ ನಿಮ್ಮ ಮನೆಯ ಧಾಟಿಯಲ್ಲಿ ಒಂದು ಹಾಡು ನಿಮ್ಮ ಬಾಯಿಂದಲೇ ಬರಲಿ, ಪಕ್ಕದಲ್ಲಿ ಕುಳಿತ ಮಕ್ಕಳು ಅದನ್ನು ಕಲಿಯಲಿ.

ಶ್ರೀಕೃಷ್ಣಾರ್ಪಣಮಸ್ತು.